8 ವೇಟ್ ಫ್ಲೈ ರಾಡ್‌ಗೆ ಯಾವ ರೀಲ್? ಅಳಿವೆಯ ಉಪ್ಪುನೀರಿಗೆ ತಡೆಯುವಂಥದ್ದು ಬೇಕು

ಸ್ವರ್ಣಾ ದಡ:

ಎಲ್ಲರಿಗೂ ನಮಸ್ಕಾರ. 9 ಅಡಿಯ, ನಾಲ್ಕು ತುಂಡಿನ 8 ವೇಟ್ ಫ್ಲೈ ರಾಡ್ (ಹಗುರ ಕೃತಕ ಗಾಳವನ್ನು 8ನೇ ತೂಕದ ಲೈನಿನಿಂದ ಎಸೆಯುವ ಕೋಲು) ಉಂಟು. ರೀಲ್ ತೆಗೆದುಕೊಳ್ಳಬೇಕು. ಗಾಳ ಹಾಕುವುದು ಹೆಚ್ಚಾಗಿ ಹಂಗಾರಕಟ್ಟೆ, ಕೋಡಿ ಬೆಂಗ್ರೆ, ಉದ್ಯಾವರ ಹೊಳೆಯ ಕಡೆ. ಕುರುಡಿ ಮತ್ತು ಕೆಂಬೇರಿ ಮೀನು ಮುಖ್ಯ, ಅಳಿವೆ ಬಾಗಿಲಲ್ಲಿ ಟ್ರೆವಲ್ಲಿ ಬಂದರೆ ಅದೂ ಆಗಬಹುದು.

ಅಂಗಡಿಗಳ ಪಟ್ಟಿಯಲ್ಲಿ 7/8, 8/9, 9/10 ಅಂತ ಬೇರೆ ಬೇರೆ ಅಳತೆ ಕಾಣುತ್ತದೆ. 8 ವೇಟ್‌ಗೆ ಯಾವುದು ಸರಿ? ನೀರು ನುಗ್ಗದ ಹಾಗೆ ಸೀಲ್ ಆದ ಡ್ರ್ಯಾಗ್‌ಗೆ (ಓಡುವ ಮೀನನ್ನು ತಡೆಯುವ ರೀಲಿನ ಬ್ರೇಕ್) ಹೆಚ್ಚು ಹಣ ಕೊಡಬೇಕಾ, ಅಥವಾ ತೊಳೆದು ಇಟ್ಟರೆ ಸಾಮಾನ್ಯ ಡಿಸ್ಕ್ ಡ್ರ್ಯಾಗ್ ಸಾಕಾ? ಲಾರ್ಜ್ ಆರ್ಬರ್‌ನಿಂದ (ಸ್ಪೂಲಿನ ನಡುಗಂಬ ದಪ್ಪಗಿರುವುದು) ನಿಜವಾಗಿ ಎಂತ ಪ್ರಯೋಜನ? ಬ್ಯಾಕಿಂಗ್ (ಫ್ಲೈ ಲೈನಿನ ಹಿಂದೆ ಕಟ್ಟುವ ತೆಳು ದಾರ) ಎಷ್ಟು ಸುತ್ತಬೇಕು? ಮನೆಯಲ್ಲಿರುವ 4000 ಅಳತೆಯ ಸ್ಪಿನ್ನಿಂಗ್ ರೀಲನ್ನೇ ಸದ್ಯಕ್ಕೆ ಹಾಕಬಹುದಾ ಅಂತಲೂ ಹೇಳಿ. ಬಜೆಟ್ 15ರಿಂದ 20 ಸಾವಿರ, ಲೈನ್ ಬಿಟ್ಟು.

ಕಾಂಡ್ಲಾ ಗಾಳ:

ಸ್ಪಿನ್ನಿಂಗ್ ರೀಲ್ ಆಗುವುದಿಲ್ಲ. ಸ್ಪಿನ್ನಿಂಗ್‌ನಲ್ಲಿ ಲ್ಯೂರಿನ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈಯಲ್ಲಿ ಗಾಳಕ್ಕೆ ತೂಕವೇ ಇಲ್ಲ, ಎಸೆಯುವುದು ಲೈನಿನ ತೂಕವನ್ನು. 8 ವೇಟ್ ಲೈನಿನ ಮೊದಲ 30 ಅಡಿ ಸುಮಾರು 210 ಗ್ರೇನ್, ಅಂದರೆ 13.6 ಗ್ರಾಂ ತೂಗುತ್ತದೆ. ಸುಮಾರು ಒಂದು ಮಿಲಿಮೀಟರ್ ದಪ್ಪದ ಆ ಲೈನು ಸ್ಪಿನ್ನಿಂಗ್ ಸ್ಪೂಲಿನಲ್ಲಿ ತಿರುಚಿಕೊಂಡು ಗಂಟಾಗುತ್ತದೆ. ಅಲ್ಲದೆ ಫ್ಲೈ ರಾಡಿನ ರೀಲ್ ಸೀಟ್ ಹಿಡಿಯ ಕೆಳಗೆ, ತುದಿಯಲ್ಲಿರುವುದರಿಂದ ಆ ರೀಲು ಕೂತರೂ ಕೈಗೆ ಹೊಂದುವುದಿಲ್ಲ.

ಈಗ ಮುಖ್ಯ ವಿಷಯ. ಹೊಳೆಯ ಸಣ್ಣ ಮೀನಿಗೆ ಫ್ಲೈ ರೀಲ್ ಅಂದರೆ ಲೈನ್ ಇಡುವ ಜಾಗ, ಅಷ್ಟೇ. ಕ್ಲಿಕ್ ಪಾಲ್ ರೀಲ್ (ಹಲ್ಲು, ಸ್ಪ್ರಿಂಗಿನ ಸಣ್ಣ ತಡೆ ಮಾತ್ರ ಇರುವುದು) ಸಾಕು. ನಿಮ್ಮ ಜಾಗದಲ್ಲಿ ಹಾಗಲ್ಲ. ಕುರುಡಿ ಮತ್ತು ಕೆಂಬೇರಿ ಎರಡೂ ಹೊಂಚು ಹಾಕುವ ಮೀನುಗಳು. ಕಾಂಡ್ಲಾದ (ಮ್ಯಾಂಗ್ರೋವ್) ಬೇರು, ಸೇತುವೆಯ ಕಂಬ, ಪಚ್ಚಿಲೆ ಅಂಟಿದ ಕಲ್ಲು, ಇವುಗಳ ಬದಿಯಿಂದ ಹಾರಿ ಕಚ್ಚಿ ತಕ್ಷಣ ಅಲ್ಲಿಗೇ ವಾಪಸ್ ನುಗ್ಗುತ್ತವೆ. ಮೊದಲ ಮೂರು ನಾಲ್ಕು ಮೀಟರಿನಲ್ಲೇ ಗೆಲುವು ಸೋಲು ತೀರ್ಮಾನ. ಆ ಹೊತ್ತಿನಲ್ಲಿ ಲೈನ್ ನಿಮ್ಮ ಕೈಯಲ್ಲೇ ಇರುತ್ತದೆ, ರೀಲಿಗೆ ಕೆಲಸವೇ ಇಲ್ಲ. ಕೈಯಲ್ಲಿ ಹಿಡಿದು ನಿಲ್ಲಿಸಿ, ಮೀನು ಬಯಲು ನೀರಿಗೆ ತಿರುಗಿದ ಮೇಲೆ ಕಾಲ ಬುಡದಲ್ಲಿ ಬಿದ್ದ ಸಡಿಲ ಲೈನನ್ನು ಬೇಗ ಒಳಗೆ ಸುತ್ತಿ ಡ್ರ್ಯಾಗಿಗೆ ಒಪ್ಪಿಸಬೇಕು. ಲಾರ್ಜ್ ಆರ್ಬರ್ ಬೇಕಾಗುವುದು ಇಲ್ಲಿ.

ಫ್ಲೈ ರೀಲಿನಲ್ಲಿ ಗೇರ್ ಇಲ್ಲ. ಹಿಡಿ ಒಂದು ಸುತ್ತು ತಿರುಗಿದರೆ ಸ್ಪೂಲೂ ಒಂದೇ ಸುತ್ತು. ತುಂಬಿದ ಸ್ಪೂಲಿನ ವ್ಯಾಸ 9 ಸೆಂ.ಮೀ. ಇದ್ದರೆ ಒಂದು ಸುತ್ತಿಗೆ 28 ಸೆಂ.ಮೀ. ಲೈನ್ ಬರುತ್ತದೆ. 7 ಸೆಂ.ಮೀ. ಇದ್ದರೆ 22. ನೆಲದಲ್ಲಿ 9 ಮೀಟರ್ ಲೈನ್ ಬಿದ್ದಿದ್ದರೆ ಮೊದಲನೆಯದಕ್ಕೆ 32 ಸುತ್ತು, ಎರಡನೆಯದಕ್ಕೆ 41.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದು ಉಂಟು, ಅದನ್ನು ಅಂಗಡಿಯವರು ಹೇಳುವುದೇ ಇಲ್ಲ. ಡ್ರ್ಯಾಗ್ ಸ್ಪೂಲಿನ ಅಕ್ಷವನ್ನು ಒಂದೇ ಬಲದಲ್ಲಿ ತಡೆಯುತ್ತದೆ. ಆದರೆ ಲೈನ್ ಖಾಲಿಯಾಗುತ್ತ ಸುರುಳಿ ಸಣ್ಣದಾದ ಹಾಗೆ ದಾರದ ಮೇಲಿನ ಎಳೆತ ಹೆಚ್ಚುತ್ತ ಹೋಗುತ್ತದೆ. ತುಂಬಿದ ಸ್ಪೂಲಿನ ತ್ರಿಜ್ಯ 4.5 ಸೆಂ.ಮೀ. ಇರುವಾಗ 1.5 ಕಿಲೋಗೆ ಡ್ರ್ಯಾಗ್ ಇಟ್ಟಿದ್ದೀರಿ ಅಂತ ಇಟ್ಟುಕೊಳ್ಳಿ. ಮೀನು ಓಡಿ ಸುರುಳಿಯ ತ್ರಿಜ್ಯ 3 ಸೆಂ.ಮೀ.ಗೆ ಇಳಿದರೆ ಅದೇ ಡ್ರ್ಯಾಗ್ 2.25 ಕಿಲೋ ಆಗುತ್ತದೆ. ಸಣ್ಣ ಆರ್ಬರಿನಲ್ಲಿ ತ್ರಿಜ್ಯ 1.5ಕ್ಕೆ ಇಳಿದರೆ 4.5 ಕಿಲೋ. ಹೊರಗಿರುವ ಲೈನನ್ನು ನೀರು ಎಳೆಯುವ ಭಾರ ಇದರ ಮೇಲೆ ಸೇರುತ್ತದೆ. ಡ್ರ್ಯಾಗ್ ಹೊಂದಿಸುವ ನಾಬ್ ಮುಟ್ಟದೆ ಇದ್ದರೂ ದೂರದಲ್ಲಿ ಮೀನು ಕಡಿದುಕೊಂಡು ಹೋಗುವುದು ಇದರಿಂದ. ಲಾರ್ಜ್ ಆರ್ಬರಿನಲ್ಲಿ ಈ ಏರಿಕೆ ಕಡಿಮೆ.

ಅಳತೆಗೆ ಬಂದರೆ 7/9 ಅಥವಾ 8/9 ಅಂತ ಬರೆದದ್ದನ್ನು ನೋಡಿ. 7/8ರಲ್ಲಿ 8 ವೇಟ್ ಲೈನ್ ಹಿಡಿಯುತ್ತದೆ, ಬ್ಯಾಕಿಂಗಿಗೆ ಉಳಿಯುವ ಜಾಗ ಕಡಿಮೆ. ಮುಂದೆ ಬ್ರೇಕ್‌ವಾಟರಿನ ಕಲ್ಲಿನ ಮೇಲಿಂದ 10 ವೇಟ್ ಹಾಕುವ ಆಲೋಚನೆ ಖಂಡಿತ ಇದ್ದರೆ ಮಾತ್ರ 9/10. ಇಲ್ಲದಿದ್ದರೆ ದಿನವಿಡೀ ಎಸೆಯುವ ಕೈಗೆ ಅನಗತ್ಯ ಭಾರ. 8 ವೇಟ್‌ಗೆ 200ರಿಂದ 270 ಗ್ರಾಂ ನಡುವಿನ ರೀಲ್ ಹಿತವಾಗಿರುತ್ತದೆ.

ಲೇತ್ ಪಡುಬಿದ್ರಿ:

ಮೇಲಿನವರು ಗಾತ್ರದ ಬಗ್ಗೆ ಹೇಳಿದ್ದಕ್ಕೆ ಸೇರಿಸಲಿಕ್ಕೆ ಏನೂ ಇಲ್ಲ. ನಾನು ಲೋಹ ಮತ್ತು ಒಳಗಿನ ಭಾಗಗಳ ಬಗ್ಗೆ ಬರೆಯುತ್ತೇನೆ, ಏಕೆಂದರೆ ಈ ಕರಾವಳಿಯಲ್ಲಿ ರೀಲ್ ಸಾಯುವುದು ಮೀನಿನಿಂದ ಅಲ್ಲ, ಉಪ್ಪಿನಿಂದ.

ರೀಲ್ ಎರಡು ಬಗೆ: ಎರಕ ಹೊಯ್ದದ್ದು, ಮತ್ತು 6061 ದರ್ಜೆಯ ಅಲ್ಯೂಮಿನಿಯಂ ಗಟ್ಟಿಯಿಂದ ಕೊರೆದು ತೆಗೆದದ್ದು. ಎರಕದ್ದು ಅಗ್ಗ. ಆದರೆ ಕಲ್ಲಿನ ಮೇಲೆ ಬಿದ್ದರೆ ಅಂಚು ಸೀಳಬಹುದು. ಹೆಚ್ಚಿನ ಎರಕದ ರೀಲಿಗೆ ಮೇಲೆ ಬಣ್ಣದ ಪದರ ಇರುತ್ತದೆ. ಆ ಬಣ್ಣ ಒಂದು ಕಡೆ ಕೆತ್ತಿ ಹೋದರೆ ಅದರ ಅಡಿಯಲ್ಲಿ ಉಪ್ಪು ಹರಡಿ ಬಿಳಿ ಪುಡಿಯ ಗುಳ್ಳೆ ಏಳುತ್ತದೆ. ಕೊರೆದ ರೀಲಿಗೆ ಸಾಮಾನ್ಯವಾಗಿ ಆನೋಡೈಸ್ ಮಾಡಿರುತ್ತಾರೆ. ಅದು ಲೋಹದ ಮೇಲ್ಮೈಯಲ್ಲೇ ಬೆಳೆಸಿದ ಪದರವಾದ್ದರಿಂದ ಸುಲಿಯುವುದಿಲ್ಲ. ನಿಮ್ಮ ಬಜೆಟ್ಟಿನಲ್ಲಿ ಕೊರೆದದ್ದು ಸಿಗದಿದ್ದರೆ ಒಳ್ಳೆಯ ಎರಕದ್ದು ತೆಗೆದುಕೊಂಡರೂ ನಷ್ಟವಿಲ್ಲ. ಲ್ಯಾಮ್ಸನ್ ಲಿಕ್ವಿಡ್ ರೀಲಿನ ಮೊದಲಿನ ಮಾದರಿಗಳು ಎರಕದ ದೇಹದವೇ, ಆದರೆ ಡ್ರ್ಯಾಗ್ ಸೀಲ್ ಆದದ್ದು. ದೇಹ ಮತ್ತು ಡ್ರ್ಯಾಗ್ ಎರಡರಲ್ಲಿ ಒಂದಕ್ಕೇ ಹಣ ಸಾಲುವುದಾದರೆ ಡ್ರ್ಯಾಗಿಗೆ ಹಾಕಿ.

ಅಲ್ಯೂಮಿನಿಯಂ ಜೊತೆ ಸ್ಟೀಲ್ ಸ್ಕ್ರೂ ಇದ್ದಲ್ಲಿ ಉಪ್ಪುನೀರು ನಿಂತರೆ ಎರಡು ಲೋಹಗಳ ನಡುವೆ ವಿದ್ಯುತ್ ಹರಿದು ಅಲ್ಯೂಮಿನಿಯಂ ತಿನ್ನಲ್ಪಡುತ್ತದೆ. ರೀಲ್ ಫುಟ್‌ನ (ರೀಲನ್ನು ರಾಡಿಗೆ ಕೂರಿಸುವ ಪಾದ) ಎರಡು ಸ್ಕ್ರೂಗಳ ಸುತ್ತ ಇದು ಮೊದಲು ಕಾಣುತ್ತದೆ. ಹೊಸ ರೀಲ್ ಬಂದ ದಿನವೇ ಆ ಸ್ಕ್ರೂ ಬಿಚ್ಚಿ, ಎಳೆಗೆ ಮೆರೈನ್ ಗ್ರೀಸ್ ತೆಳ್ಳಗೆ ಹಚ್ಚಿ ಮತ್ತೆ ಹಾಕಿ. ಐದು ನಿಮಿಷದ ಕೆಲಸ. ಆಮೇಲೆ ಬಿಚ್ಚಲಿಕ್ಕೆ ಹೋದರೆ ಸ್ಕ್ರೂವಿನ ತಲೆಯೇ ಕಿತ್ತು ಬರುತ್ತದೆ.

ಡ್ರ್ಯಾಗ್ ಒಳಗೆ ತುಕ್ಕು ಹಿಡಿಯುವ ಭಾಗ ಮುಖ್ಯವಾಗಿ ಒಂದೇ: ಒಂದು ದಿಕ್ಕಿಗೆ ಮಾತ್ರ ತಿರುಗುವ ರೋಲರ್ ಬೇರಿಂಗ್. ಲೈನ್ ಒಳಗೆ ಸುತ್ತುವಾಗ ಸ್ಪೂಲ್ ಸಲೀಸಾಗಿ ತಿರುಗಿ, ಹೊರಗೆ ಹೋಗುವಾಗ ಮಾತ್ರ ಡ್ರ್ಯಾಗ್ ಹಿಡಿಯುವುದು ಅದರಿಂದ. ಅದರ ಸಣ್ಣ ರೋಲರುಗಳಿಗೆ ಉಪ್ಪು ಕೂತರೆ ಎರಡು ರೀತಿಯಲ್ಲಿ ಕೆಡುತ್ತದೆ. ಒಂದೋ ಎರಡೂ ಕಡೆ ಬಿಗಿಯಾಗುತ್ತದೆ, ಇಲ್ಲವೇ ಎರಡೂ ಕಡೆ ಜಾರುತ್ತದೆ. ಎರಡನೆಯದು ಅಪಾಯ, ಏಕೆಂದರೆ ನಾಬ್ ಪೂರ್ತಿ ಬಿಗಿ ಮಾಡಿದರೂ ಮೀನು ಓಡುವಾಗ ತಡೆ ಇರುವುದಿಲ್ಲ. ಸೀಲ್ ಬೇಕು ಅನ್ನುವುದು ಈ ಬೇರಿಂಗಿಗೋಸ್ಕರ. ಕಾರ್ಬನ್ ಡಿಸ್ಕಿಗೆ ನೀರು ತಾಗಿದರೆ ತಡೆ ಸ್ವಲ್ಪ ಏರುಪೇರಾಗುತ್ತದೆ, ಹಾಳಾಗುವುದಿಲ್ಲ.

ರೀಲ್ ಕೈಯಲ್ಲಿ ಹಿಡಿದು ನೋಡಲಿಕ್ಕೆ ಸಿಕ್ಕಿದರೆ ಹೀಗೆ ಪರೀಕ್ಷಿಸಿ. ನಾಬನ್ನು ಅರ್ಧ ಬಿಗಿ ಮಾಡಿ, ದಾರವನ್ನು ಬಹಳ ನಿಧಾನವಾಗಿ ಎಳೆಯಿರಿ. ಹೊರಡುವಾಗ ತಡವರಿಸಿ ಜಿಗಿದರೆ ಬೇಡ. ಆ ಮೊದಲ ಜಿಗಿತವೇ ತೆಳು ದಾರ ಕಡಿಯುವುದು. ನಂತರ ಸ್ಪೂಲಿನ ಎರಡು ಅಂಚು ಹಿಡಿದು ಅಲ್ಲಾಡಿಸಿ. ಅಕ್ಷದ ಮೇಲೆ ಆಟ ಇರಬಾರದು. ಸ್ಪೂಲ್ ಮತ್ತು ಫ್ರೇಮಿನ ನಡುವಿನ ಸಂದು ಸುತ್ತಲೂ ಒಂದೇ ಅಗಲ ಇರಬೇಕು. ಒಂದು ಕಡೆ ಅಗಲವಾಗಿದ್ದರೆ ಲೈನಿನ ತೆಳು ಹಿಂಭಾಗ ಅಲ್ಲಿ ನುಸುಳಿ ಸಿಕ್ಕಿಕೊಳ್ಳುತ್ತದೆ. ಕೊನೆಗೆ, ನಾಬನ್ನು ಸೊನ್ನೆಯಿಂದ ಪೂರ್ತಿ ಬಿಗಿಯವರೆಗೆ ತಿರುಗಿಸಿ ನೋಡಿ. ಮೊದಲ ಕಾಲು ಸುತ್ತಿನಲ್ಲೇ ಎಲ್ಲಾ ತಡೆ ಬಂದುಬಿಟ್ಟರೆ ನೀರಿನಲ್ಲಿ ನಿಂತು ಹೊಂದಿಸಲಿಕ್ಕೆ ಆಗದು.

ಸ್ವರ್ಣಾ ದಡ:

ಇಬ್ಬರಿಗೂ ದೊಡ್ಡ ಉಪಕಾರ. ಒಬ್ಬರ ಹತ್ತಿರ ಹಳೆಯ, ಕೊರೆದ ಅಲ್ಯೂಮಿನಿಯಂ ರೀಲ್ ಉಂಟು, ಕಾರ್ಕ್ ಡ್ರ್ಯಾಗಿನದ್ದು. ಸೀಲ್ ಇಲ್ಲ. ನನ್ನ ಬಜೆಟ್ಟಿಗೆ ಬರುತ್ತದೆ. ಇಲ್ಲಿ ಹೇಳಿದ್ದನ್ನು ನೋಡಿದರೆ ಬಿಡಬೇಕು ಅನ್ನಿಸುತ್ತದೆ. ಮತ್ತೆ ಅದು ಬಲಗೈಯಲ್ಲಿ ಸುತ್ತುವ ಹಾಗೆ ಉಂಟು, ನನಗೆ ಎಡಗೈ ಬೇಕು.

ಮುಲ್ಕಿ ಉಬ್ಬರ:

ಬಿಡಬೇಡಿ ಮಾರಾಯ್ರೆ, ಮೊದಲು ನೋಡಿ. ಸೀಲ್ ಇಲ್ಲದ್ದೆಲ್ಲ ಉಪ್ಪುನೀರಿಗೆ ಆಗದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ದೊಡ್ಡ ಟಾರ್ಪನ್ ಹಿಡಿಯುವ ಫ್ಲಾರಿಡಾದಲ್ಲಿ ಏಬಲ್, ಟಿಬೋರ್ ರೀಲುಗಳು ಹೆಸರು ಮಾಡಿದ್ದು ಕಾರ್ಕ್ ಡ್ರ್ಯಾಗಿನಿಂದಲೇ. ಕಾರ್ಕ್ ಒತ್ತಿದರೆ ಒತ್ತಿಕೊಳ್ಳುತ್ತದೆ, ಆದ್ದರಿಂದ ಹೊರಡುವಾಗ ಜಿಗಿತ ಬಹಳ ಕಡಿಮೆ. ಸೀಲ್ ಆದ ರೀಲ್ ಒಳಗೆ ಕೆಟ್ಟರೆ ಹೆಚ್ಚಿನವನ್ನು ನಾವು ಬಿಚ್ಚುವ ಹಾಗಿಲ್ಲ, ತಯಾರಕರಿಗೇ ಕಳಿಸಬೇಕು. ಉಡುಪಿಯಿಂದ ಹೊರದೇಶಕ್ಕೆ ಕಳಿಸಿ, ವಾಪಸ್ ತರಿಸುವಾಗ ಕಸ್ಟಮ್ಸ್ ನೋಡಿಕೊಂಡು ಕೂರುವುದಕ್ಕಿಂತ ಮನೆಯ ಮೇಜಿನ ಮೇಲೆ ಬಿಚ್ಚಿ ಒರೆಸಬಹುದಾದ ರೀಲ್ ಇಲ್ಲಿನವರಿಗೆ ಒಳ್ಳೆಯದು.

ಷರತ್ತು ಒಂದೇ. ಆರೈಕೆ ತಪ್ಪಬಾರದು.

ಗಾಳ ಹಾಕಿ ಬಂದ ದಿನವೇ ತೊಳೆಯಬೇಕು. ತೊಳೆಯುವ ಮೊದಲು ಡ್ರ್ಯಾಗ್ ಬಿಗಿ ಮಾಡಿ, ಡಿಸ್ಕುಗಳು ಒಂದಕ್ಕೊಂದು ಒತ್ತಿ ನೀರು ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಪೈಪಿನ ಬಾಯಿ ಒತ್ತಿ ರಭಸದಿಂದ ಹೊಡೆಯಬೇಡಿ, ಅದು ಉಪ್ಪನ್ನೂ ಮರಳನ್ನೂ ಇನ್ನೂ ಒಳಗೆ ತಳ್ಳುತ್ತದೆ. ಚೊಂಬಿನಲ್ಲಿ ನೀರು ಹೊಯ್ದು, ಸ್ಪೂಲ್ ತೆಗೆದು, ಫ್ರೇಮಿನ ಒಳಗೆ ಹಳೆಯ ಟೂತ್‌ಬ್ರಶ್‌ನಲ್ಲಿ ಮೆಲ್ಲಗೆ ಉಜ್ಜಿ. ಒಣಗಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ ಇಡಿ. ಬಿಗಿಯಾಗಿ ತಿಂಗಳುಗಟ್ಟಲೆ ಇಟ್ಟರೆ ಕಾರ್ಕ್ ಚಪ್ಪಟೆಯಾಗಿ ಲೋಹಕ್ಕೆ ಅಂಟುತ್ತದೆ, ಆಮೇಲೆ ಮೊದಲ ಎಳೆತಕ್ಕೆ ಜಿಗಿಯುತ್ತದೆ.

ಯಾವ ನೀರಿನಲ್ಲಿ ತೊಳೆಯುತ್ತೀರಿ ಎಂಬುದೂ ಮುಖ್ಯ. ಸಮುದ್ರದ ಬದಿಯ ಬಾವಿಗಳಲ್ಲಿ ಮಾರ್ಚ್‌ನಿಂದ ಮೇವರೆಗೆ ನೀರು ಸವಳಾಗುತ್ತದೆ. ಆ ನೀರಿನಲ್ಲಿ ತೊಳೆದರೆ ಉಪ್ಪು ಪೂರ್ತಿ ಹೋಗುವುದಿಲ್ಲ. ಆ ತಿಂಗಳುಗಳಲ್ಲಿ ನಳ್ಳಿ ನೀರು ಅಥವಾ ಕುಡಿಯುವ ನೀರನ್ನೇ ಬಳಸಿ. ಒಂದು ರೀಲಿಗೆ ಎರಡು ಚೊಂಬು ಸಾಕು.

ಮರೆಯುವ ಇನ್ನೊಂದು ಜಾಗ ಬ್ಯಾಕಿಂಗ್. ಮೀನು ಓಡಿ ಬ್ಯಾಕಿಂಗ್ ನೀರಿಗೆ ಬಿದ್ದ ದಿನ ಹಾಗೇ ಸುತ್ತಿ ಇಟ್ಟರೆ ಹತ್ತಿಯ ಬತ್ತಿಯ ಹಾಗೆ ಉಪ್ಪುನೀರನ್ನು ಹಿಡಿದಿಟ್ಟುಕೊಂಡು ಸ್ಪೂಲನ್ನು ಒಳಗಿನಿಂದ ತಿನ್ನುತ್ತದೆ, ಮೇಲಿಂದ ಏನೂ ಗೊತ್ತಾಗುವುದಿಲ್ಲ. ಒದ್ದೆಯಾದಷ್ಟು ಬ್ಯಾಕಿಂಗ್ ಬಿಚ್ಚಿ, ಸಿಹಿ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಮತ್ತೆ ಸುತ್ತಿ. ಮಳೆಗಾಲ ಪೂರ್ತಿ ರೀಲನ್ನು ನಿಯೋಪ್ರೀನ್ ಚೀಲದಲ್ಲಿ ಇಡಲೇಬೇಡಿ. ಜೂನ್, ಜುಲೈಯ ನಮ್ಮ ಗಾಳಿಯಲ್ಲಿ ಒಳಗಿನ ತೇವ ಆರುವುದೇ ಇಲ್ಲ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಡಿ.

ಕಾರ್ಕಿಗೆ ವರ್ಷಕ್ಕೆ ಒಂದೆರಡು ಸಲ ತಯಾರಕರು ಹೇಳಿದ ಎಣ್ಣೆಯನ್ನೇ ತೆಳ್ಳಗೆ ಹಚ್ಚಬೇಕು. ಡಬ್ಲ್ಯುಡಿ-40 ಬೇಡ, ಅದು ಇದ್ದ ಎಣ್ಣೆಯನ್ನೂ ತೊಳೆದುಬಿಡುತ್ತದೆ.

ಹಳೆಯ ರೀಲ್ ನೋಡುವಾಗ ಬಿಚ್ಚಿ ತೋರಿಸಲು ಹೇಳಿ. ಕಾರ್ಕ್ ಅಂಚಿನಲ್ಲಿ ಉದುರುತ್ತಿದ್ದರೆ, ಕಪ್ಪಾಗಿ ಗಾಜಿನ ಹಾಗೆ ನುಣುಪಾಗಿದ್ದರೆ, ಅಥವಾ ಎದುರಿನ ಲೋಹದ ತಟ್ಟೆಯಲ್ಲಿ ಉಗುರಿಗೆ ಸಿಗುವ ಗೀರು ಇದ್ದರೆ ಬೇಡ. ಬಿಚ್ಚಿ ತೋರಿಸಲು ಒಪ್ಪದಿದ್ದರೂ ಬೇಡ.

ಲೇತ್ ಪಡುಬಿದ್ರಿ:

ಬಿಚ್ಚಿ ಒರೆಸುವ ಶಿಸ್ತು ಇದ್ದವರಿಗೆ ಮೇಲಿನ ಮಾತು ಸರಿ. ವಾರಕ್ಕೆ ಒಮ್ಮೆ ಕೆಲಸ ಮುಗಿಸಿ ಓಡಿ ಬಂದು ಗಾಳ ಹಾಕಿ, ರೀಲನ್ನು ಕಾರಿನ ಡಿಕ್ಕಿಯಲ್ಲೇ ಬಿಡುವವರಿಗೆ ನನ್ನ ಸಲಹೆ ಈಗಲೂ ಸೀಲ್ ಆದದ್ದೇ. ಇವರಲ್ಲಿ ಯಾವ ಬಗೆಯವರು ನೀವು ಅಂತ ನಿಮಗೇ ಗೊತ್ತು.

ಎಡಗೈಗೆ ಬದಲಿಸುವುದು ಹೆಚ್ಚಿನ ರೀಲಿನಲ್ಲಿ ಸುಲಭ. ಸ್ಪೂಲ್ ತೆಗೆದು, ಆ ರೋಲರ್ ಬೇರಿಂಗನ್ನು ಹೊರಗೆ ಎಳೆದು, ತಲೆಕೆಳಗು ಮಾಡಿ ಮತ್ತೆ ಕೂರಿಸಬೇಕು. ಕೆಲವು ಹಳೆಯ ಕಾರ್ಕ್ ರೀಲುಗಳಲ್ಲಿ ಬೇರಿಂಗ್ ಬದಲು ಸ್ಪ್ರಿಂಗ್ ಮತ್ತು ಹಲ್ಲು ಇರುತ್ತದೆ. ಅದರಲ್ಲಿ ಹಲ್ಲನ್ನು ಮಗುಚಿ ಹಾಕಬೇಕಾಗುತ್ತದೆ. ಆದರೆ ಎಡಗೈ, ಬಲಗೈ ಬೇರೆ ಬೇರೆಯಾಗಿಯೇ ತಯಾರಾಗಿ, ಬದಲಿಸಲು ಬಾರದ ಮಾದರಿಗಳೂ ಉಂಟು. ಕೊಳ್ಳುವ ಮೊದಲೇ ಕೇಳಿ. ಬದಲಿಸಿದ ಮೇಲೆ ಲೈನ್ ಸುತ್ತುವ ಮೊದಲು ಕೈಯಿಂದ ಎರಡೂ ದಿಕ್ಕಿಗೆ ತಿರುಗಿಸಿ ನೋಡಿ. ಬ್ಯಾಕಿಂಗ್ ಸೇರಿಸಿ ಎಲ್ಲ ಸುತ್ತಿದ ಮೇಲೆ ತಪ್ಪು ದಿಕ್ಕು ಅಂತ ಗೊತ್ತಾದರೆ ಇಡೀ ಸುರುಳಿ ಬಿಚ್ಚಬೇಕು.

ಕುಡ್ಲ ಕಾಸ್ಟರ್:

ಬ್ಯಾಕಿಂಗ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳುತ್ತೇನೆ.

ಪೆಟ್ಟಿಗೆಯ ಮೇಲೆ "ಡಬ್ಲ್ಯುಎಫ್8 ಮತ್ತು 200 ಗಜ" (ಮುಂಭಾಗ ದಪ್ಪಗಿರುವ 8 ವೇಟ್ ಲೈನ್, ಜೊತೆಗೆ 200 ಗಜ ಬ್ಯಾಕಿಂಗ್) ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ 20 ಪೌಂಡ್ ಡೇಕ್ರಾನಿನ (ಪಾಲಿಯೆಸ್ಟರ್ ದಾರ) ಲೆಕ್ಕ. ಉಪ್ಪುನೀರಿಗೆ 30 ಪೌಂಡಿನದ್ದು ಹಾಕಿ. ಅದು ದಪ್ಪ, ಆದ್ದರಿಂದ ಅದೇ ಸ್ಪೂಲಿನಲ್ಲಿ ಸುಮಾರು 150 ಗಜ, ಅಂದರೆ 135 ಮೀಟರ್‌ನಷ್ಟು ಹಿಡಿಯುತ್ತದೆ. ಕಾಂಡ್ಲಾದ ಬದಿಯ ಕುರುಡಿಗೆ 50 ಮೀಟರೂ ಬೇಕಾಗದು. ಅಳಿವೆ ಬಾಗಿಲಲ್ಲಿ ಇಳಿತದ ಸೆಳೆತದ ಜೊತೆ ಓಡುವ ಟ್ರೆವಲ್ಲಿಗೆ ಉಳಿದದ್ದು ಬೇಕು. ಜೆಲ್‌ಸ್ಪನ್ (ಬಲವಾದ ಪಾಲಿಥಿಲೀನ್ ದಾರ) ತೆಳು, ಬಹಳ ಹೆಚ್ಚು ಹಿಡಿಯುತ್ತದೆ, ಆದರೆ ಸಡಿಲ ಸುತ್ತಿದರೆ ಒಂದು ಸುತ್ತು ಇನ್ನೊಂದರೊಳಗೆ ಹೂತು ಓಡುವಾಗ ಥಟ್ಟನೆ ನಿಲ್ಲುತ್ತದೆ, ಬೆರಳನ್ನೂ ಕೊಯ್ಯುತ್ತದೆ. 8 ವೇಟ್‌ಗೆ ಅದರ ಅಗತ್ಯ ಇಲ್ಲ.

ಎಷ್ಟು ಬ್ಯಾಕಿಂಗ್ ಅಂತ ಊಹಿಸಬೇಡಿ. ಫ್ಲೈ ಲೈನಿನ ಮುಂದಿನ ತುದಿಯಿಂದ ಶುರು ಮಾಡಿ ಪೂರ್ತಿ ಲೈನನ್ನು ಖಾಲಿ ಸ್ಪೂಲಿಗೆ ಸುತ್ತಿ. ಅದರ ಮೇಲೆ ಬ್ಯಾಕಿಂಗ್ ಸುತ್ತುತ್ತ ಹೋಗಿ, ಫ್ರೇಮಿನ ಅಡ್ಡಕಂಬಿಗೆ 5 ಮಿ.ಮೀ. ಉಳಿದಾಗ ನಿಲ್ಲಿಸಿ ಕತ್ತರಿಸಿ. ಈಗ ಎಲ್ಲವನ್ನೂ ಬಿಚ್ಚಿ ತಿರುಗಿಸಿ ಸುತ್ತಿ, ಬ್ಯಾಕಿಂಗ್ ಮೊದಲು. ಸುತ್ತುವಾಗ ದಾರವನ್ನು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಹಿಡಿದು, ಸ್ಪೂಲಿನ ಅಗಲಕ್ಕೆ ಸಮವಾಗಿ ಅತ್ತಿತ್ತ ಹರಡಬೇಕು. ಗುಡ್ಡೆ ಹಾಕಿದರೆ ಆ ಗುಡ್ಡೆ ಕುಸಿದು ಸಿಕ್ಕಾಗುತ್ತದೆ. ಮೀನು ಹೋರಾಡುವಾಗ ಯಾರೂ ಸಮವಾಗಿ ಸುತ್ತುವುದಿಲ್ಲ, ಆ 5 ಮಿ.ಮೀ. ಜಾಗ ಅದಕ್ಕೇ.

ಸ್ಪೂಲಿಗೆ ಆರ್ಬರ್ ಗಂಟು. ಬ್ಯಾಕಿಂಗ್ ತುದಿಯಲ್ಲಿ ಡಬಲ್ ಸರ್ಜನ್ ಕುಣಿಕೆ ಹಾಕಿ, ಕುಣಿಕೆ ಇಡೀ ರೀಲ್ ತೂರುವಷ್ಟು ದೊಡ್ಡದಿರಲಿ. ಆಗ ಫ್ಲೈ ಲೈನಿನ ಕುಣಿಕೆಗೆ ತೂರಿಸಿ, ಬೇರೆ ಲೈನ್ ಬೇಕಾದಾಗ ಕತ್ತರಿಸದೆ ಬದಲಿಸಬಹುದು.

ಲೈನ್ ತರಿಸುವಾಗ ಟ್ರಾಪಿಕಲ್ ಅಂತ ಬರೆದದ್ದನ್ನೇ ತರಿಸಿ. ತಣ್ಣೀರಿನ ಲೈನ್ ನಮ್ಮ ಬಿಸಿಲಿಗೆ ಮೆತ್ತಗಾಗಿ ರಾಡಿನ ಗೈಡುಗಳಿಗೆ (ಲೈನ್ ಹಾಯುವ ಬಳೆಗಳು) ಅಂಟುತ್ತದೆ, ದೂರ ಹೋಗುವುದಿಲ್ಲ. ಸೊಳ್ಳೆಗೆ ಹಚ್ಚುವ ಡೀಟ್ ಇರುವ ಮುಲಾಮು ಲೈನಿನ ಮೇಲಿನ ಪಿವಿಸಿಯನ್ನು ಕರಗಿಸುತ್ತದೆ. ಕಾಂಡ್ಲಾದಲ್ಲಿ ಸೊಳ್ಳೆ ಹೆಚ್ಚು, ಹಚ್ಚಲೇಬೇಕು. ಹಚ್ಚಿದ ಅಂಗೈಯನ್ನು ಮಣ್ಣು, ನೀರಿನಲ್ಲಿ ಉಜ್ಜಿ ತೊಳೆದು ಮತ್ತೆ ಲೈನ್ ಮುಟ್ಟಿ.

ಡ್ರ್ಯಾಗನ್ನು ಅಂದಾಜಿನಲ್ಲಿ ಇಡಬೇಡಿ. ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಲೀಡರಿಗೆ (ಲೈನಿಗೂ ಗಾಳಕ್ಕೂ ನಡುವಿನ ದಾರ) ಕಟ್ಟಿ, ರಾಡ್ ಬಳಸದೆ ರೀಲಿನಿಂದ ನೇರ ಎಳೆದು ನೋಡಿ. 16 ಪೌಂಡ್ ಟಿಪ್ಪೆಟ್ (ಲೀಡರಿನ ತೆಳು ತುದಿ) ಅಂದರೆ ಸುಮಾರು 7.3 ಕಿಲೋ. ಅದರ ಕಾಲು ಭಾಗ, 1.8 ಕಿಲೋಗೆ ದಾರ ಹೊರಡುವ ಹಾಗೆ ಹೊಂದಿಸಿ. ಮೇಲೆ ಹೇಳಿದ ಹಾಗೆ ಸುರುಳಿ ಸಣ್ಣದಾದಾಗ ಏರುವ ಎಳೆತಕ್ಕೂ ಗಂಟಿನ ದೌರ್ಬಲ್ಯಕ್ಕೂ ಆಗ ಜಾಗ ಉಳಿಯುತ್ತದೆ. ಇನ್ನೂ ತಡೆ ಬೇಕಾದರೆ ನಾಬ್ ತಿರುಗಿಸದೆ ಸ್ಪೂಲಿನ ಹೊರ ಅಂಚಿಗೆ ಅಂಗೈ ಒತ್ತಿ. ಮೀನು ಓಡುವಾಗ ಹಿಡಿಯೂ ವೇಗವಾಗಿ ತಿರುಗುತ್ತದೆ, ಬೆರಳು ದೂರ ಇರಲಿ. ಟಿಪ್ಪೆಟ್ಟಿನ ಮುಂದೆ 40 ಪೌಂಡಿನ ದಪ್ಪ ಮೋನೋ 40 ಸೆಂ.ಮೀ. ಕಟ್ಟಲು ಮರೆಯಬೇಡಿ. ಕುರುಡಿಯ ಕಿವಿರಿನ ಮುಚ್ಚಳ ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಸ್ವರ್ಣಾ ದಡ:

ಕಾರ್ಕ್ ರೀಲನ್ನು ಬಿಚ್ಚಿಸಿ ನೋಡಿ ತೀರ್ಮಾನ ಮಾಡುತ್ತೇನೆ. ಕೊನೆಯದಾಗಿ, ಇದೇ ಸೆಟ್ಟನ್ನು ಬೇಸಗೆಯಲ್ಲಿ ಮೇಲಿನ ಹೊಳೆಗಳಿಗೆ, ಮಹಶೀರ್‌ಗೆ ಕೊಂಡುಹೋಗಬಹುದಾ?

ಕಾಂಡ್ಲಾ ಗಾಳ:

ರೀಲ್ ಸಾಕಾಗುತ್ತದೆ, ಜಾಗದ್ದೇ ಪ್ರಶ್ನೆ. ಶಿಶಿಲದಂಥ ಮತ್ಸ್ಯತೀರ್ಥಗಳಲ್ಲಿ, ದೇವಸ್ಥಾನದ ಮೀನುಗಳಿರುವ ಗುಂಡಿಗಳ ಹತ್ತಿರ ಗಾಳ ತೆಗೆಯಲೇಬಾರದು. ಅಭಯಾರಣ್ಯದೊಳಗಿನ ಹೊಳೆಗಳೂ ಬೇಡ. ಉಳಿದ ಕಡೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ ಹೋಗಿ. ಮಹಶೀರ್ ಬದಲು ಬೇರೆ ಮೀನು ಆಗಬಹುದಾದರೆ ಕಿಂಡಿ ಅಣೆಕಟ್ಟಿನ ಕೆಳಗೆ, ಉಪ್ಪುನೀರು ಬಂದು ನಿಲ್ಲುವಲ್ಲಿ, ಹಲಗೆ ಹಾಕಿದ ತಿಂಗಳುಗಳಲ್ಲಿ ಉಬ್ಬರದ ಹೊತ್ತಿಗೆ ನೋಡಿ. ಸಣ್ಣ ಟಾರ್ಪನ್ ನೀರಿನ ಮೇಲೆ ಉರುಳುವುದು ಕಂಡರೆ ಅದಕ್ಕೆ ಡ್ರ್ಯಾಗ್ ಅರ್ಧಕ್ಕೆ ಇಳಿಸಿ. ಅದರ ಬಾಯಿ ಎಲುಬಿನದ್ದು, ಹಾರುವ ಮೀನು ಬೇರೆ. ಬಿಗಿ ಹಿಡಿದರೆ ಗಾಳ ಕಿತ್ತು ಬರುತ್ತದೆ.